ಕೋರಾ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು

ಗುಂಜೋಟಿ, ತಾಲೂಕು ಉಮರಗಾ
ಮಂಗಳವಾರ, ೨೦ ಜುಲೈ ೧೯೫೪

ಕುಸುಮಬಾಯಿಗೆ ಲಲಿತೆಯ ಶರಣಾರ್ಥಿ.

ಹಿಂದಿನ ಪತ್ರಗಳಲ್ಲಿ ನಿನ್ನ ಹೆಸರಿನ ಮುಂದೆ ‘ಜೀವದ ಗೆಳತಿ’ ಎಂದು ಬರೆಯುತ್ತಿದ್ದೆ. ಈ ಸಲ ಆ ಮಾತನ್ನು ಬಿಟ್ಟಿದ್ದೇನೆ. ನೀನು ಅದನ್ನು ಕೂಡಲೇ ಗಮನಿಸುವೆ. ನಿಲಂಗೆಯ ಆ ಒಂದು ಕೋಣೆಯಲ್ಲಿ ಎರಡು ವರ್ಷ ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದಿದವರು ನಾವು. ನನ್ನ ಕಾಗದದಲ್ಲಿ ಯಾವ ಮಾತು ಇಲ್ಲ ಎಂಬುದನ್ನು ನಿನ್ನಷ್ಟು ಬೇಗ ಬೇರೆ ಯಾರೂ ಕಾಣಲಾರರು.

ನಿನ್ನ ಮೂರು ಪತ್ರಗಳೂ ತಲುಪಿವೆ. ಮೂರರಲ್ಲಿಯೂ ನೀನು ಬರೆದದ್ದು ಒಂದೇ. ಹೆಬ್ಬೆಟ್ಟಿನ ಕಾಗದಗಳನ್ನು ನಿನ್ನ ಅಣ್ಣ ವೈಜಿನಾಥರು ನಿನ್ನ ಪೆಟ್ಟಿಗೆಯಿಂದ ತೆಗೆದುಕೊಂಡರು, ಅವು ಯಾವುದಕ್ಕೆ ಹೋದವೆಂದು ನಿನಗೆ ತಿಳಿಯದು, ಪತ್ರಿಕೆ ಅಚ್ಚಾದ ಮೇಲೆಯೇ ನಿನಗೂ ತಿಳಿಯಿತು. ನಾನು ಇದುವರೆಗೆ ಉತ್ತರಿಸಲಿಲ್ಲ. ಸಿಟ್ಟಿನಲ್ಲಿ ಬರೆದರೆ ವಾಕ್ಯಗಳು ಹದ ತಪ್ಪುತ್ತವೆ. ಹದ ತಪ್ಪಿದ ವಾಕ್ಯವನ್ನು ನಿನ್ನ ಕೈಗೆ ಕೊಡಲು ನನ್ನ ಅಭಿಮಾನ ಒಪ್ಪಲಿಲ್ಲ. ಈಗ ಬರೆಯಬಲ್ಲೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನಿನ್ನ ಪತ್ರಗಳನ್ನು ಓದಿದರೆ ನಿನಗೆ ಅದೆಲ್ಲ ಮರೆತುಹೋದಂತೆ ಕಾಣುತ್ತದೆ.

ಹೋದ ವರ್ಷ ಮ್ಯಾಟ್ರಿಕ್ ಫಲಿತಾಂಶ ಬಂದ ದಿನ ನಿನ್ನ ಅಣ್ಣನವರು ಉದಗೀರಿನಿಂದ ಪೇಢೆ ತಂದಿದ್ದರು. ನಾನು ಮೊದಲನೆಯವಳು, ನೀನು ಮೂರನೆಯವಳು. ಅಂದೇ ಅವರು, ತಮ್ಮ ‘ಮಾಂಜರಾ ಸಂದೇಶ’ ವಾರಪತ್ರಿಕೆಯಲ್ಲಿ ಎರಡು ಪುಟ ಮರಾಠಿ, ಎರಡು ಪುಟ ಕನ್ನಡ ಇರುವುದೆಂದೂ, ಕನ್ನಡದ ಪುಟದಲ್ಲಿ ಒಂದು ಅಂಕಣ ನಮ್ಮಿಬ್ಬರಿಗೆ ಕೊಡುವೆನೆಂದೂ ಹೇಳಿದರು. ಏನು ಬರೆಯಬೇಕೆಂದು ನೀನು ಕೇಳಿದೆ. ನಾನು ತುರೋರಿಯ ಖಂಡೆಪ್ಪನ ವಿಷಯ ಹೇಳಿದೆ.

ಖಂಡೆಪ್ಪ ಕುರಿ ಕಾಯುವವನು, ಬೀರಪ್ಪನ ಒಕ್ಕಲು. ದೊಡ್ಡ ಲಡಾಯಿಯಲ್ಲಿ ಇಂಗ್ರೇಜಿ ಫೌಜಿನೊಂದಿಗೆ ಬರ್ಮಾಕ್ಕೆ ಹೋಗಿ, ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು ಬಂದವನು. ಆಗ ಆಸ್ಪತ್ರೆಯಲ್ಲಿ ಕೊಟ್ಟ ಕಾಲು ಮುರಿದ ಮೇಲೆ ಊರ ಬಡಿಗ ಜಾಲಿಯ ಮರದಿಂದ ಒಂದು ಕಾಲು ಕೆತ್ತಿಕೊಟ್ಟಿದ್ದ. ಅದರ ಮೇಲೆ ದಿನಕ್ಕೆ ಎಂಟು ಮೈಲಿ ಕುರಿಗಳ ಹಿಂದೆ ನಡೆದು ನಡೆದು ಮೋಟುಗಾಲಿನ ತುದಿಯಲ್ಲಿ ಹುಣ್ಣಾಗಿತ್ತು. ಪುಣೆಯ ಫೌಜಿನ ಆಸ್ಪತ್ರೆಯಲ್ಲಿ ಇಂಥವರಿಗೆ ಅಳತೆಯ ಕಾಲು ಮಾಡಿಕೊಡುತ್ತಾರೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೂ ಅವನು ಕೇಳುತ್ತಿರಲಿಲ್ಲ. ಪೊಲೀಸ್ ಕಾರ್ಯಾಚರಣೆಯಾದ ಮೇಲೆ ನಮ್ಮ ಕಡೆ ಖಾಕಿ ಕೋಟು ಇದ್ದವರೆಲ್ಲ ಅದನ್ನು ಮುಚ್ಚಿಟ್ಟರು. ಅದು ನಿಜಾಮನ ಫೌಜಿನದೋ, ಇಂಗ್ರೇಜಿಯದೋ ಎಂದು ವಿಚಾರಿಸುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ಖಂಡೆಪ್ಪ ತನ್ನ ಡಿಸ್ಚಾರ್ಜ್ ಬುಕ್ಕನ್ನು ಜೋಳ ತುಂಬುವ ನೆಲದೊಳಗಿನ ಹಗೇವಿನಲ್ಲಿ ಇಟ್ಟು ಐದು ವರ್ಷ ಅದರ ಸುದ್ದಿ ಎತ್ತಿರಲಿಲ್ಲ.

ಹೀಗೆ ಅಡಗಿದವರನ್ನು ಹೊರಗೆ ಕರೆಯುವುದೇ ನಮ್ಮ ಅಂಕಣದ ಕೆಲಸವಾಯಿತು. ‘ನಮ್ಮ ಊರಿನ ಫೌಜಿ’ ಎಂಬ ಹೆಸರು ನೀನೇ ಇಟ್ಟೆ. ಫೌಜು ಬಿಟ್ಟವರಿಗೆ ನೆರವು ಕೊಡುವ ಸರ್ಕಾರಿ ಸಿಪಾಯಿಗಳ ಬೋರ್ಡಿಗೆ ಬರೆಯುವುದು ಹೇಗೆ, ಯಾವ ಕಾಗದ ಬೇಕು, ಯಾವ ಬೇನೆಗೆ ಯಾವ ಆಸ್ಪತ್ರೆ ಎಂದು ವಾರಕ್ಕೊಂದು ವಿಷಯ. ಅವರಲ್ಲಿ ಓದಬಲ್ಲವರು ಒಬ್ಬರೂ ಇರಲಿಲ್ಲ. ಆದರೆ ಪತ್ರಿಕೆಯ ಕಟ್ಟು ಶುಕ್ರವಾರ ಬಸ್ಸಿನಲ್ಲಿ ತುರೋರಿಗೆ ಬರುತ್ತಿತ್ತು. ರಸ್ತೆಯ ಮೇಲಿನ ಚಹದ ಹಾಟೇಲಿನಲ್ಲಿ ರಾಚಯ್ಯ ಮಾಸ್ತರರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಲಾರಿಯವರು, ಒಕ್ಕಲಿಗರು, ಕುರಿಯವರು ಕುಳಿತು ಕೇಳುತ್ತಿದ್ದರು. ನನಗೆ ಕನ್ನಡ ಅಕ್ಷರ ಕಲಿಸಿದವರು ಅದೇ ರಾಚಯ್ಯನವರು. ನನ್ನ ಮೊದಲ ಅಂಕಣ ಓದಿದ ವಾರವೇ ಅವರು ನನ್ನನ್ನು ಕರೆದು ಹೇಳಿದರು:

“ತಂಗಿ, ನಿನ್ನ ಒಂದ ವಾಕ್ಯ ಮುಗಿಯೂದ್ರಾಗ ನನ್ನ ಚಹಾ ಆರಿ ಹೋಗತದ. ಓದವ್ರು ಪರೀಕ್ಷಾದವ್ರಲ್ಲ, ಕೇಳವ್ರು ದಣದ ಬಂದವ್ರು.”

ಆ ಮಾತು ನನಗೆ ಚುಚ್ಚಿತು. ಆದರೆ ಅದನ್ನು ನಿನಗೆ ಹೇಳಿದಾಗ ನೀನು ನಗಲಿಲ್ಲ. ನನ್ನ ಎರಡನೆಯ ಅಂಕಣವನ್ನು ಮುಂದಿಟ್ಟುಕೊಂಡು ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಓದಿ, ಉಸಿರು ಮುಗಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಆ ಗೆರೆಗಳ ಕಾಗದ ಇನ್ನೂ ನನ್ನಲ್ಲಿದೆ. ನೀನು ಮಾಡಿದ್ದನ್ನು ನೆನೆದಾಗಲೆಲ್ಲ ಅದನ್ನು ಹರಿಯಬೇಕೆಂದು ಕೈಗೆ ತೆಗೆದುಕೊಳ್ಳುತ್ತೇನೆ.

ಆರು ತಿಂಗಳಲ್ಲಿ ಹನ್ನೆರಡು ಮಂದಿ ಬಂದರು. ಮೊದಲು ಬಂದವನು ಖಂಡೆಪ್ಪ. ಹಗೇವಿನ ವಾಸನೆ ಹೊಡೆಯುವ ಡಿಸ್ಚಾರ್ಜ್ ಬುಕ್ಕನ್ನು ಕಂಬಳಿಯೊಳಗಿನಿಂದ ತೆಗೆದು ಹಾಟೇಲಿನ ಹಲಗೆಯ ಮೇಲೆ, ಎಲ್ಲರೂ ಕಾಣುವಂತೆ ಇಟ್ಟ. ಅವನ ಹೆಂಡತಿ ತುಳಜಾಬಾಯಿ ನನ್ನ ಕಿವಿಯಲ್ಲಿ ಹೇಳಿದ್ದನ್ನು ನಿನಗೂ ಬರೆದಿದ್ದೆ, ನೀನು ಬಹಳ ನಕ್ಕಿದ್ದೆಯಂತೆ: “ಹೊಸಾ ಕಾಲ ಕೊಡಸ ಯವ್ವಾ, ಆದ್ರ ಭಾಳ ಚಲೋದು ಬ್ಯಾಡ. ಈ ಮನಶ್ಯಾ ಈಗ ಒಂದ ಕಾಲ ಮ್ಯಾಲೇ ಮನ್ಯಾಗ ನಿಲ್ಲಾಂಗಿಲ್ಲ.”

ಈಗ ನನ್ನ ತಪ್ಪಿನ ಮಾತು. ಅದನ್ನು ನೀನು ಹೇಳುವ ಮೊದಲು ನಾನೇ ಹೇಳುತ್ತೇನೆ.

ಬೋರ್ಡಿನವರು ಇಂಗ್ರೇಜಿಯಲ್ಲಿ ಟೈಪು ಮಾಡಿದ ಅರ್ಜಿಯನ್ನು ಬೇಗ ನೋಡುತ್ತಾರೆಂದು ನಿನ್ನ ಅಣ್ಣನವರು ತಿಳಿಸಿದ್ದರು. ಟೈಪ್‌ರೈಟರು ಇದ್ದದ್ದು ಉದಗೀರಿನ ನಿಮ್ಮ ಪ್ರೆಸ್ಸಿನಲ್ಲಿ. ಹನ್ನೆರಡು ಮಂದಿ ಕೆಲಸ ಬಿಟ್ಟು ಅಲ್ಲಿಗೆ ಬರಲಾರರು. ಗಿಡದ ಕೆಳಗೆ, ಗಾಳಿಯಲ್ಲಿ, ತೊಡೆಯ ಮೇಲೆ ಕಾಗದ ಇಟ್ಟು ನಾನು ಕೈಯಿಂದ ಬರೆದು ಕೊಡಬಹುದಿತ್ತು. ಆದರೆ ಅಕ್ಷರ ಸೊಟ್ಟಾಗುತ್ತಿತ್ತು, ಮತ್ತು ಮೊದಲನೆಯ ಸ್ಥಾನದವಳ ಕೈಯಿಂದ ಸೊಟ್ಟ ಅರ್ಜಿ ಸರ್ಕಾರಕ್ಕೆ ಹೋಗುವುದು ನನಗೆ ಬೇಡವಾಗಿತ್ತು. ಆದ್ದರಿಂದ ಒಬ್ಬೊಬ್ಬರ ವಿವರವನ್ನು, ಪಲ್ಟನ್ನಿನ ನಂಬರಿನ ಸಹಿತ, ಬೇರೆ ಚೀಟಿಯಲ್ಲಿ ಬರೆದುಕೊಂಡು, ಕೋರಾ ಕಾಗದದ ಕೆಳತುದಿಯಲ್ಲಿ ಹೆಬ್ಬೆಟ್ಟು ಒತ್ತಿಸಿದೆ. ಅರ್ಜಿಯನ್ನು ನೀನು ಆಮೇಲೆ ಮೇಲಿನ ಜಾಗದಲ್ಲಿ ಟೈಪು ಮಾಡಬೇಕಾಗಿತ್ತು. ಬರೆಯದ ಕಾಗದಕ್ಕೆ ಹೆಬ್ಬೆಟ್ಟು ಯಾಕೆಂದು ಹನ್ನೆರಡು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಖಂಡೆಪ್ಪನ ಬೆರಳು ಮೊದಲ ಸಲ ಜಾರಿ ಶಾಯಿ ಕದಡಿತು. ಅಂದಗೆಟ್ಟ ಕಾಗದ ಬೇಡವೆಂದು ಅದನ್ನು ಬದಿಗಿಟ್ಟು, ಇನ್ನೊಂದಕ್ಕೆ ಒತ್ತಿಸಿದೆ. ಅವನು ಅದಕ್ಕೂ ಏನನ್ನೂ ಕೇಳಲಿಲ್ಲ. ಬೆರಳನ್ನು ತಲೆಯ ರುಮಾಲಿಗೆ ಒರೆಸಿಕೊಂಡು, “ನೀ ಬರ್ದದ್ದು ಅಂದ್ರ ಬರ್ದಾಂಗ” ಎಂದ.

ಹನ್ನೆರಡು ಕಾಗದಗಳನ್ನು ನಿನ್ನ ಹೆಸರಿಗೆ ಕಳಿಸಿದೆ. ತಲುಪಿದವೆಂದು ನೀನು ಬರೆದೆ. ಟೈಪು ನಡೆದಿದೆಯೆಂದು ಬರೆದೆ. ಮಾರ್ಚಿನಲ್ಲಿ, ಎಲ್ಲವನ್ನೂ ಬೋರ್ಡಿಗೆ ಕಳಿಸಿಯಾಯಿತೆಂದು ಬರೆದೆ. ಆ ಪತ್ರವೂ ಇದೆ, ಕುಸುಮಾ. ನಿನ್ನ ಅಕ್ಷರ ಅದರಲ್ಲಿ ಬಹಳ ದುಂಡಗಿದೆ.

ಏಪ್ರಿಲ್ ಇಪ್ಪತ್ಮೂರನೆಯ ತಾರೀಖು, ಶುಕ್ರವಾರ, ನಾನು ತುರೋರಿಯಲ್ಲಿದ್ದೆ. ರಾಚಯ್ಯನವರು ಪತ್ರಿಕೆ ಬಿಡಿಸಿದರು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ, ಪ್ರಾಂತಗಳ ಪುನರ್ರಚನೆಯ ಆಯೋಗಕ್ಕೆ ನಮ್ಮ ಸೀಮೆಯವರು ಸಲ್ಲಿಸಿದ ಮನವಿಯ ಸುದ್ದಿ ಇತ್ತು. ಉಮರಗಾ, ನಿಲಂಗಾ, ಉದಗೀರ ಕನ್ನಡದ ಪ್ರಾಂತಕ್ಕೆ ಸೇರಬೇಕೆಂದು ಹನ್ನೆರಡು ಮಂದಿ ವೀರ ಸಿಪಾಯಿಗಳು ತಾವಾಗಿ ಮುಂದೆ ಬಂದು ಹೆಬ್ಬೆಟ್ಟು ಒತ್ತಿದ್ದಾರೆಂದು ಅದರಲ್ಲಿತ್ತು. ರಾಚಯ್ಯನವರಿಗೆ ಓದುವ ರೂಢಿ. ಕಣ್ಣು ಮುಂದೆ ಹೋಗುವುದರೊಳಗೆ ಬಾಯಿ ಹೆಸರುಗಳನ್ನು ಹೇಳಿಬಿಟ್ಟಿತು. ಮೊದಲ ಹೆಸರು ಖಂಡೆಪ್ಪನದು. ಅವನು ಎದುರಿಗೇ ಬಸಿಯಲ್ಲಿ ಚಹ ಹಿಡಿದು ಕುಳಿತಿದ್ದ. ಬಸಿಯನ್ನು ಕೆಳಗಿಟ್ಟು ನನ್ನ ಕಡೆ ನೋಡಿದ. ಅವನ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನೇನೋ ಬಿಡಿಸಿ ಹೇಳುವೆನೆಂದು ಅವನು ಕಾಯುತ್ತಿದ್ದ.

ನಾನು ರಾಚಯ್ಯನವರ ಕೈಯಿಂದ ಪತ್ರಿಕೆ ತೆಗೆದುಕೊಂಡು ಆ ಹೆಸರುಗಳನ್ನೇ ಮತ್ತೆ ಓದತೊಡಗಿದೆ.

ಆಗ ಮೂಲೆಯಿಂದ ಯಾರೋ ಮರಾಠಿಯಲ್ಲಿ, “ಕಾಯ್ ಫೌಜಿ, ಆತಾ ಕುಣಾಚಿ ಲಢಾಯಿ?” ಎಂದು ಕೇಳಿದರು. ಈಗ ಯಾರ ಪರವಾಗಿ ಯುದ್ಧ ಎಂದು. ಎಲ್ಲರೂ ನಕ್ಕರು. ಖಂಡೆಪ್ಪನೂ ನಗಲು ಪ್ರಯತ್ನಿಸಿದ. ಅವನ ಬದುಕು ಹೇಗೆಂದು ನಿನಗೆ ಗೊತ್ತು. ಬೇಸಿಗೆಯಲ್ಲಿ ಹೊಲದವರು ಕುರಿಗಳನ್ನು ತಮ್ಮ ಹೊಲದಲ್ಲಿ ತಂಗಿಸಲು ಕರೆಯುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳ ಕುರಿಯವನಿಗೆ. ಮರಾಠಿ ಮಾತಿನವರ ಹೊಲ, ಕನ್ನಡ ಮಾತಿನವರ ಹೊಲ ಎಂಬ ಭೇದ ಅವನ ಹಿಂಡಿಗೆ ಇರಲಿಲ್ಲ. ಆ ವಾರ ನಾಲ್ಕು ಹೊಲದವರು ಅವನನ್ನು ಬರಬೇಡವೆಂದರು. ಎರಡು ವಾರದಲ್ಲಿ ಅವನ ಹಿಂಡು ರಸ್ತೆಯ ಬದಿಯ ಬಂಜರಿನಲ್ಲಿ ನಿಂತಿತು.

ಮರುದಿನವೇ ನಾನು ಉದಗೀರಿಗೆ ಬಂದೆ. ನಿನ್ನ ಅಣ್ಣನವರು ನನ್ನನ್ನು ಆದರದಿಂದ ಕೂಡ್ರಿಸಿದರು. ಮುಚ್ಚಿಡುವುದು ಅವರ ಮನಸ್ಸಿಗೇ ಬರಲಿಲ್ಲ. ಮನವಿಯ ಟೈಪು ಪ್ರತಿಯನ್ನು ಹೆಮ್ಮೆಯಿಂದ ನನ್ನ ಕೈಯಲ್ಲಿಟ್ಟರು. ನಾನು ಕೇಳಿದ ಒಂದು ಪ್ರಶ್ನೆಗೆ ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುತ್ತೇನೆ:

“ಅವ್ರು ಮನ್ಯಾಗ ಮಾತಾಡೂದು ಕನ್ನಡಾನ ಅಲ್ಲೇನು? ಮತ್ತ ಸುಳ್ಳ ಎಲ್ಲಿ ಬಂತು? ಅರ್ಜಿ ಮುಂದಿನ ವರ್ಷಾನೂ ಕೊಡ್ಲಿಕ್ಕ ಬರತದ. ಆಯೋಗ ಮತ್ತ ಬರ್ತದೇನು? ಒಳ್ಳೇದಕ್ಕ ಮಾಡೀವಿ, ಲಲಿತಾಬಾಯಿ. ಅವ್ರ ಒಳ್ಳೇದಕ್ಕೇ ಮಾಡೀವಿ.”

ಆ ಬೇಡಿಕೆಗೆ ನಾನು ವಿರೋಧಿಯಲ್ಲವೆಂಬುದು ನಿನಗೆ ಗೊತ್ತು. ಶಾಲೆಯಲ್ಲಿ ಮರಾಠಿ ಓದಿ, ಮನೆಯಲ್ಲಿ ಕನ್ನಡ ಆಡಿ, ಕನ್ನಡ ಅಕ್ಷರವನ್ನು ಜಗುಲಿಯ ಮೇಲೆ ಕಲಿತವಳು ನಾನು. ಬಂದು ಕೇಳಿದ್ದರೆ ನನ್ನ ಸಹಿಯನ್ನು ನಾನೇ ಹಾಕುತ್ತಿದ್ದೆ, ಇಂಗ್ರೇಜಿ, ಮರಾಠಿ, ಕನ್ನಡ ಮೂರರಲ್ಲಿಯೂ. ಖಂಡೆಪ್ಪನನ್ನು ಕೇಳಿದ್ದರೆ ಅವನೂ ಒತ್ತುತ್ತಿದ್ದನೋ ಏನೋ. ಕೇಳಲಿಲ್ಲ.

ನೀನು ಒಳಬಾಗಿಲಿನ ಹತ್ತಿರ ಒಂದು ಕೈಯಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡುತ್ತಿದ್ದೆ. ಚಹ ಕೊಟ್ಟು ಒಳಗೆ ಹೋದೆ. ನಾನು ಪ್ರತಿಯನ್ನು ಓದಿದೆ. ಪ್ರತಿಯೊಂದು ಹೆಸರಿನ ಎದುರಿಗೆ ಪಲ್ಟನ್ನಿನ ನಂಬರು ಇತ್ತು. ಆ ನಂಬರುಗಳಿದ್ದ ಚೀಟಿಗಳನ್ನು ನಾನು ಕಾಗದಗಳೊಂದಿಗೆ ಕಳಿಸಿರಲಿಲ್ಲ. ಒಂದು ವಾರದ ಮೇಲೆ, ನೀನು ಬರೆದು ಕೇಳಿದ ನಂತರ, ನಿನ್ನ ಒಬ್ಬಳ ಹೆಸರಿಗೆ ಕಳಿಸಿದ್ದೆ. ನಿಮ್ಮ ಪ್ರೆಸ್ಸಿನಲ್ಲಿ ಇಂಗ್ರೇಜಿ ಟೈಪು ಬಲ್ಲವರು ನಿನ್ನ ಹೊರತು ಇನ್ನೊಬ್ಬರಿಲ್ಲ. ಪೆಟ್ಟಿಗೆಯಿಂದ ಕಾಗದ ತೆಗೆದದ್ದು ನಿನ್ನ ಅಣ್ಣ ಎನ್ನುತ್ತೀ. ಆಗಿರಲಿ. ಅದನ್ನು ಯಂತ್ರಕ್ಕೆ ಏರಿಸಿದ ಬೆರಳು ಯಾರವು? ಹನ್ನೆರಡು ಸಲ ಏರಿಸಿ, ಹನ್ನೆರಡು ಸಲ ಆ ಹೆಬ್ಬೆಟ್ಟಿನ ಗುರುತನ್ನು ನೋಡಿ, ಒಂದು ಸಲವೂ ನಿನಗೆ ನನ್ನ ನೆನಪಾಗಲಿಲ್ಲವೇ? ಅಥವಾ ನೆನಪಾದದ್ದರಿಂದಲೇ ಆ ಮಾರ್ಚಿನ ಪತ್ರವನ್ನು ಅಷ್ಟು ದುಂಡಗೆ ಬರೆದೆಯಾ?

ನಾನು ಬೋರ್ಡಿಗೆ ಕೈಯಿಂದಲೇ ಬರೆದೆ. ನಮ್ಮ ಕಡೆಯಿಂದ ಒಂದು ಅರ್ಜಿಯೂ ಬಂದಿಲ್ಲವೆಂದು ಅವರು ತಿಳಿಸಿದರು. ಕೈಬರಹದ ಅರ್ಜಿಯೂ ನಡೆಯುತ್ತದೆಂದು ಅದೇ ಪತ್ರದಲ್ಲಿತ್ತು. ಅದನ್ನು ಓದಿದಾಗ ನನಗೆ ಆದದ್ದನ್ನು ಬರೆಯಲಾರೆ. ಪುಣೆಯಲ್ಲಿ ಆಗಸ್ಟ್ ಮೊದಲ ವಾರ ಕಾಲಿನ ಅಳತೆ ತೆಗೆಯುವರು. ಬರಬಯಸುವವನು ಬಿಳಿಯ ಕಾಗದದ ಮೇಲೆ ಒಪ್ಪಿಗೆ ಬರೆಸಿ, ಹೆಬ್ಬೆಟ್ಟು ಒತ್ತಿ, ಜೂನ್ ಹದಿನೈದರೊಳಗೆ ಮುಟ್ಟಿಸಬೇಕು. ತಪ್ಪಿದರೆ ಎರಡು ವರ್ಷ ಸರದಿ ಇಲ್ಲ.

ಹನ್ನೆರಡೂ ಮಂದಿಯ ಮನೆಗೆ ಹೋದೆ. ಏಳು ಮಂದಿ ನನ್ನನ್ನು ಬೈದು ಮತ್ತೆ ಒತ್ತಿದರು. ಪ್ರತಿಯೊಂದು ಕಾಗದವನ್ನು ಮೊದಲು ಬರೆದು, ಓದಿ ಹೇಳಿ, ಆಮೇಲೆ ಒತ್ತಿಸಿದೆ. ನಾಲ್ಕು ಮಂದಿ ಬಾಗಿಲು ತೆರೆಯಲಿಲ್ಲ. ಖಂಡೆಪ್ಪ ಬಾಗಿಲು ತೆರೆದ, ಕಂಬಳಿ ಹಾಸಿದ, ತುಳಜಾಬಾಯಿ ಕುರಿಯ ಹಾಲು ತಂದಳು. ಹುಣ್ಣು ದೊಡ್ಡದಾಗಿ, ಜಾಲಿಯ ಕಾಲನ್ನು ಗೋಡೆಗೆ ಒರಗಿಸಿಟ್ಟಿದ್ದ. ಕುರಿಗಳ ಹಿಂದೆ ಈಗ ತುಳಜಾಬಾಯಿ ಒಬ್ಬಳೇ ಹೋಗುತ್ತಾಳೆ. ಮಳೆಗಾಲ ಮುಗಿಯುವುದರೊಳಗೆ ಅವನು ಎದ್ದು ನಡೆಯದಿದ್ದರೆ ಹಿಂಡನ್ನು ಅವಳ ತಮ್ಮನಿಗೆ ಬಿಟ್ಟುಕೊಡುವ ಮಾತು ನಡೆದಿತ್ತು. ನಾನು ಒಪ್ಪಿಗೆಯ ಕಾಗದವನ್ನು ಮೂರು ಸಲ ಓದಿ ಹೇಳಿದೆ. ಬೀರಪ್ಪನ ಭಂಡಾರದ ಚೀಲ ಅವನ ತಲೆಯ ಮೇಲಿನ ಗೂಟದಲ್ಲಿತ್ತು. ಅದನ್ನು ಮುಟ್ಟಿ, ಇದರಲ್ಲಿ ಬೇರೆ ಏನೂ ಇಲ್ಲವೆಂದು ಆಣೆ ಮಾಡುವೆನೆಂದೆ. ಅವನು ಮುಟ್ಟಗೊಡಲಿಲ್ಲ.

“ಬ್ಯಾಡ ತಂಗಿ, ದೇವರ್ನ ನಡಬರಕ ತರಬ್ಯಾಡ. ನಾ ಎರಡ ಸಲ ಹೆಬ್ಬಟ್ಟ ಕೊಟ್ಟೀನಿ. ಫೌಜಿನ ಸಾಹೇಬ ತಗೊಂಡಾಗ ಕಾಲ ಹೋತು. ನೀ ತಗೊಂಡಾಗ ಊರ ಹೋತು. ಕಾಲ ಇಲ್ದ ಇರ್ತೀನಿ. ಬಾಕಿ ಉಳದದ್ದ ನನ್ನ ಹೆಬ್ಬಟ್ಟ ಒಂದ, ಅದು ನನ್ನ ಕಡೀ ಇರ್ಲಿ.”

“ನೀ ತಗೊಂಡಾಗ” ಎಂದು ನನಗೆ ಹೇಳಿದ. ನಿನ್ನ ಹೆಸರು, ನಿನ್ನ ಅಣ್ಣನ ಹೆಸರು ಅವನಿಗೆ ಗೊತ್ತಿಲ್ಲ. ಅವನ ಲೆಕ್ಕದಲ್ಲಿ ಇರುವವಳು ನಾನೊಬ್ಬಳೇ. ಬಿಟ್ಟುಬರುವಾಗ ತುಳಜಾಬಾಯಿ ದಾರಿಯವರೆಗೆ ಬಂದಳು. ಕಾಲು ಬೇಕೆಂದು ಅವಳು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬಸ್ಸು ಬರುವವರೆಗೆ ನನ್ನ ಕೈ ಹಿಡಿದು ನಿಂತಳು.

ಜೂನ್ ಹದಿನೈದು ಕಳೆಯಿತು. ಖಂಡೆಪ್ಪ ಹೆಬ್ಬೆಟ್ಟು ಒತ್ತಲಿಲ್ಲ.

ಪತ್ರಿಕೆಗೆ ಇನ್ನು ನಾನು ಬರೆಯುವುದಿಲ್ಲ. ರಾಚಯ್ಯನವರು ನಿಮ್ಮ ಕಟ್ಟನ್ನು ಹಾಟೇಲಿನಲ್ಲಿ ಬಿಚ್ಚುವುದನ್ನು ನಿಲ್ಲಿಸಿದ್ದಾರೆ; ಅದು ಬಸ್ಸಿನಿಂದ ಬಿದ್ದಲ್ಲಿಯೇ ಇದ್ದು, ಚಹದವನು ಭಜಿ ಕಟ್ಟಲು ಒಯ್ಯುತ್ತಾನೆ. ಆ ಪುಟದಿಂದ ಹನ್ನೆರಡು ಮಂದಿ ಧೈರ್ಯ ಮಾಡಿ ಹೊರಗೆ ಬಂದಿದ್ದರು. ಮುಂದೆ ಯಾರಾದರೂ ಫೌಜಿಯ ಹೆಸರನ್ನು ಗಟ್ಟಿಯಾಗಿ ಓದಿದರೆ, ಈ ಸೀಮೆಯಲ್ಲಿ ಕುಳಿತವರು ಎದ್ದು ಹೋಗುವರು. ನಾವು ಕಟ್ಟಿದ್ದು ಇಷ್ಟು.

ನನಗೆ ಇನ್ನು ಪತ್ರ ಬರೆಯಬೇಡ. ನೀನು ಕ್ಷಮೆ ಕೇಳಿದರೆ ನಾನು ಕೊಡಲಾರೆ, ಮತ್ತು ಕೊಡದೆ ಇರುವುದು ನನಗೆ ಸುಲಭವಾಗಿದೆಯೆಂದೂ ತಿಳಿಯಬೇಡ. ಪೆನ್ಸಿಲಿನ ಗೆರೆಗಳ ಆ ಕಾಗದವನ್ನು ಇದರೊಂದಿಗೆ ಹಿಂದಿರುಗಿಸಬೇಕೆಂದಿದ್ದೆ. ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ.

ಇತಿ,
ಒಂದು ಕಾಲಕ್ಕೆ ನಿನ್ನವಳು,
ಲಲಿತಾಬಾಯಿ ಮಾಣಿಕಪ್ಪ

ತಾ. ಕ.: ಲಕೋಟೆ ಅಂಟಿಸುವ ಮೊದಲು ಮತ್ತೆ ಓದಿದೆ. ಮೇಲೆ ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ, ಆದರೆ ಒಂದು ಕಾಗದ ಕಡಿಮೆ ಇದೆ. ನೀನು ಅದನ್ನೂ ಕಾಣುವೆ. ಆದ್ದರಿಂದ ನಾನೇ ಹೇಳುವುದು ಲೇಸು. ಶಾಯಿ ಕದಡಿದ ಆ ಕೋರಾ ಕಾಗದ, ಖಂಡೆಪ್ಪನ ಮೊದಲನೆಯ ಹೆಬ್ಬೆಟ್ಟು, ನನ್ನ ಭೂಗೋಳದ ಪುಸ್ತಕದಲ್ಲಿ ಹಾಗೆಯೇ ಇತ್ತು. ಜೂನ್ ಹದಿಮೂರರಂದು ಅದನ್ನು ತೆಗೆದೆ. ಮೇಲಿನ ಜಾಗದಲ್ಲಿ ಅವನ ಒಪ್ಪಿಗೆಯನ್ನು ನನ್ನ ಅತ್ಯಂತ ಒಳ್ಳೆಯ ಅಕ್ಷರದಲ್ಲಿ ಬರೆದು, ನಾನೇ ಉಮರಗೆಗೆ ಹೋಗಿ ಟಪಾಲಿಗೆ ಹಾಕಿ ಬಂದೆ. ಹೋದ ಶುಕ್ರವಾರ ಉತ್ತರ ಬಂದಿದೆ: ಆಗಸ್ಟ್ ಐದಕ್ಕೆ ಖಂಡೆಪ್ಪ ಪುಣೆಯಲ್ಲಿರಬೇಕು, ಸೊಲ್ಲಾಪುರದಿಂದ ರೈಲಿನ ಪಾಸು ಇಬ್ಬರಿಗೆ. ನಾಲ್ಕು ದಿನದಿಂದ ಅದು ನನ್ನ ಮೇಜಿನ ಮೇಲಿದೆ. ನಾಳೆ ಬೆಳಗಿನ ಬಸ್ಸಿಗೆ ತುರೋರಿಗೆ ಹೋಗುತ್ತೇನೆ. ಈ ಕರೆಗೆ ತಾನು ಯಾವಾಗ ಹೆಬ್ಬೆಟ್ಟು ಕೊಟ್ಟೆನೆಂದು ಅವನು ಕೇಳುವನು. ನಾಲ್ಕು ದಿನವೂ ಉತ್ತರವನ್ನು ಬರೆದು ಬರೆದು ಹೊಡೆದುಹಾಕಿದ್ದೇನೆ. ಪ್ರತಿ ಸಲವೂ ಕೊನೆಗೆ ಉಳಿಯುವುದು ನಿನ್ನ ಅಣ್ಣನ ಮಾತೇ: ಒಳ್ಳೇದಕ್ಕ ಮಾಡೀನಿ.